ಡೇಟಾಬೇಸ್‌ಗೆ ಸಾಫ್ಟ್‌ವೇರ್ ಬೇಕೇ? ಮೊದಲು ಮೂರು ನೋಟುಬುಕ್ಕು ತೆಗೆಯಿರಿ

ನಮ್ಮ ಬಡಾವಣೆಯಲ್ಲಿ ಓದುಗರೇ ಸೇರಿ ನಡೆಸುವ ಪುಟ್ಟ ಗ್ರಂಥಾಲಯವೊಂದಿದೆ. ಸುಮಾರು 2,400 ಪುಸ್ತಕ, 180 ಸದಸ್ಯರು, ಸಂಜೆ ಐದರಿಂದ ಏಳೂವರೆಯವರೆಗೆ ತೆರೆದ ಬಾಗಿಲು. ನೋಡಿಕೊಳ್ಳುವವರು ನಿವೃತ್ತ ಮೇಷ್ಟ್ರೊಬ್ಬರು. ಒಂದು ಸಂಜೆ ಅವರು ನನ್ನ ಮುಂದೆ ಒಂದು ಕೊಟೇಶನ್ ಹಾಳೆ ಇಟ್ಟು, "ಇದನ್ನೆಲ್ಲ ಡೇಟಾಬೇಸ್ ಮಾಡಬೇಕಂತೆ. ಅದಕ್ಕೆ ಬೇರೆಯದೇ ಸಾಫ್ಟ್‌ವೇರ್ ಬೇಕಂತೆ. ಕೊಳ್ಳಲೇಬೇಕೇ?" ಎಂದು ಕೇಳಿದರು.

ಮೇಜಿನ ಮೇಲೆ ರಟ್ಟಿನ ಮೂರು ನೋಟುಬುಕ್ಕುಗಳಿದ್ದವು. ಒಂದರಲ್ಲಿ ಪುಸ್ತಕಗಳ ಪಟ್ಟಿ, ಇನ್ನೊಂದರಲ್ಲಿ ಸದಸ್ಯರು, ಮೂರನೆಯದರಲ್ಲಿ ಯಾರು ಯಾವುದನ್ನು ಎಂದು ಒಯ್ದರು, ಎಂದು ತಂದರು ಎಂಬ ಲೆಕ್ಕ. "ಮೇಷ್ಟ್ರೇ, ಡೇಟಾಬೇಸ್ ನಿಮ್ಮ ಹತ್ತಿರ ಆಗಲೇ ಇದೆ" ಎಂದೆ. ಹಾಸ್ಯ ಮಾಡುತ್ತಿದ್ದೇನೆ ಎಂದುಕೊಂಡರು.

ಮಾಹಿತಿಯನ್ನು ಒಂದು ಕ್ರಮಕ್ಕೆ ಒಳಪಡಿಸಿ, ಬೇಕಾದಾಗ ಬೇಕಾದದ್ದು ಸಿಗುವಂತೆ ಇಟ್ಟುಕೊಂಡರೆ ಅದು ಡೇಟಾಬೇಸ್. ಕಾಗದದಲ್ಲಿದ್ದರೂ ಸರಿ, ಕಂಪ್ಯೂಟರಿನಲ್ಲಿದ್ದರೂ ಸರಿ. ಹಳೆಯ ಗ್ರಂಥಾಲಯಗಳ ಮರದ ಡ್ರಾಯರುಗಳಲ್ಲಿದ್ದ ಕಾರ್ಡುಗಳು ಡೇಟಾಬೇಸ್ ಆಗಿದ್ದವು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದಾಗ ಯಾವ ಗ್ರಂಥಾಲಯದಲ್ಲೂ ಕಂಪ್ಯೂಟರ್ ಇರಲಿಲ್ಲ. ಒಂದು ಪುಸ್ತಕವನ್ನು ವಿಷಯದ ಹಲವು ಮುಖಗಳಿಂದ ಗುರುತಿಸುವ ಯೋಚನೆ ಮಾತ್ರ ಪೂರ್ತಿ ಸಿದ್ಧವಾಗಿತ್ತು. ಅದಕ್ಕೂ ಹಿಂದೆ ನಮ್ಮಲ್ಲಿ ಬಟ್ಟೆಗೆ ಕಪ್ಪು ಸರಿ ಬಳಿದು, ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಕಡತಗಳಿದ್ದವು. ಇಂದು ಕಚೇರಿಯ ಫೈಲಿಗೆ ‘ಕಡತ’ ಎನ್ನುವಾಗ ನಾವು ಆ ಬಟ್ಟೆಯನ್ನೇ ನೆನೆಯುತ್ತಿದ್ದೇವೆ.

ಡೇಟಾಬೇಸ್ ನಿರ್ವಹಣೆಯ ಸಾಫ್ಟ್‌ವೇರ್ ಎಂಬುದು ಬೇರೆಯೇ ಒಂದು ವಸ್ತು. ಅದು ಉಗ್ರಾಣಕ್ಕೆ ನೇಮಿಸಿದ ಪಾರುಪತ್ಯಗಾರನಿದ್ದಂತೆ: ಒಳಗೆ ಬರುವುದನ್ನು ತಪಾಸಣೆ ಮಾಡುತ್ತಾನೆ, ಇಬ್ಬರು ಒಟ್ಟಿಗೆ ಕೈಹಾಕಿದರೆ ಸರದಿ ನಿಲ್ಲಿಸುತ್ತಾನೆ, ಕೇಳಿದ್ದನ್ನು ಹುಡುಕಿ ತಂದುಕೊಡುತ್ತಾನೆ. ಸಂಬಳವನ್ನೂ ಕೇಳುತ್ತಾನೆ. ಸಾಫ್ಟ್‌ವೇರ್ ಉಚಿತವಾಗಿದ್ದರೂ ಕಲಿಕೆ, ನಿರ್ವಹಣೆ, ಕೆಟ್ಟಾಗ ಕರೆಯಬೇಕಾದ ಮನುಷ್ಯ, ಇವೆಲ್ಲ ಆ ಸಂಬಳವೇ. ಹಾಗಾಗಿ ನಿಮ್ಮ ಉಗ್ರಾಣಕ್ಕೆ ಅವನು ಬೇಕೇ ಎಂದು ಮೊದಲು ನೋಡಿಕೊಳ್ಳಬೇಕು. ಮೇಷ್ಟ್ರ ಜೊತೆ ನಾನು ಮಾಡಿದ ಕೆಲಸವನ್ನು ಅದೇ ಕ್ರಮದಲ್ಲಿ ಬರೆಯುತ್ತೇನೆ. ಗ್ರಂಥಾಲಯದ ಜಾಗದಲ್ಲಿ ನಿಮ್ಮ ಅಂಗಡಿಯನ್ನೋ ಸಂಘವನ್ನೋ ಇಟ್ಟು ಓದಿಕೊಳ್ಳಿ.

ಮೊದಲ ಹೆಜ್ಜೆ: ಪ್ರಶ್ನೆಗಳನ್ನು ಬರೆಯಿರಿ

ಕಂಪ್ಯೂಟರ್ ಮುಟ್ಟಬೇಡಿ. ಒಂದು ಹಾಳೆಯಲ್ಲಿ, ಈ ಮಾಹಿತಿಯಿಂದ ನಿಮಗೆ ಯಾವ ಪ್ರಶ್ನೆಗಳಿಗೆ ಉತ್ತರ ಬೇಕು ಎಂದು ಬರೆಯಿರಿ. ಮೇಷ್ಟ್ರು ಬರೆದವು ಹೀಗಿದ್ದವು: ಈ ಪುಸ್ತಕ ಈಗ ಯಾರ ಬಳಿ ಇದೆ? ಹದಿನೈದು ದಿನ ಮೀರಿದವರು ಯಾರು? ಎರಡು ವರ್ಷದಿಂದ ಯಾರೂ ಮುಟ್ಟದ ಪುಸ್ತಕಗಳು ಯಾವುವು? ಮಕ್ಕಳ ಪುಸ್ತಕಗಳನ್ನು ಹೆಚ್ಚು ಒಯ್ಯುವವರು ಯಾವ ಮನೆಯವರು?

ಮೊದಲ ಪ್ರಶ್ನೆಗೆ ನೋಟುಬುಕ್ಕು ಸಾಕು. ಎರಡನೆಯದಕ್ಕೂ ಸಾಕು, ಸ್ವಲ್ಪ ಹಾಳೆ ತಿರುವಬೇಕು. ಮೂರನೆಯದರ ಹತ್ತಿರ ಅವರು ಪೆನ್ನು ಕೆಳಗಿಟ್ಟರು. ಎರಡು ವರ್ಷದ ಎರವಲು ಲೆಕ್ಕವನ್ನು 2,400 ಪುಸ್ತಕಗಳಿಗೆ ತಾಳೆ ನೋಡುವುದು ಮನುಷ್ಯರು ಮಾಡುವ ಕೆಲಸವಲ್ಲ. ಕೊಟೇಶನ್ ಕೊಟ್ಟವರ ಮಾತಿಗಿಂತ ಈ ಮೂರನೆಯ ಪ್ರಶ್ನೆಯೇ ನಮಗೆ ಹೆಚ್ಚು ತಿಳಿಸಿತು. ನಿಮ್ಮ ಹಾಳೆಯ ಪ್ರಶ್ನೆಗಳೆಲ್ಲ ಮೊದಲೆರಡರ ಜಾತಿಯವೇ ಆಗಿದ್ದರೆ ನೋಟುಬುಕ್ಕನ್ನೇ ಮುಂದುವರಿಸಿ. ಈ ಲೇಖನದ ಉಳಿದ ಭಾಗ ನಿಮಗೆ ಅಗತ್ಯವಿಲ್ಲ.

ಎರಡನೆಯ ಹೆಜ್ಜೆ: ಒಂದು ವಿಷಯ ಒಂದೇ ಕಡೆ

ಮೇಷ್ಟ್ರ ಮೂರನೆಯ ನೋಟುಬುಕ್ಕಿನಲ್ಲಿ ಒಬ್ಬರೇ ಸದಸ್ಯರು ಮೂರು ಹೆಸರಿನಲ್ಲಿದ್ದರು: ‘ಶ್ರೀನಿವಾಸ’, ‘ಶ್ರೀನಿವಾಸ್’, ‘ಸೀನಪ್ಪನವರು, ಹಾಲಿನ ಡೈರಿ ಹಿಂದೆ’. ಮೇಷ್ಟ್ರಿಗೆ ಮೂರೂ ಒಬ್ಬರೇ ಎಂದು ಗೊತ್ತು. ಅವರಿಲ್ಲದ ದಿನ ಕುಳಿತ ಹುಡುಗನಿಗೆ ಗೊತ್ತಿಲ್ಲ. ಯಂತ್ರಕ್ಕಂತೂ ಎಂದೆಂದಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ಮದ್ದು ಸಂಖ್ಯೆ. ಪ್ರತಿ ಸದಸ್ಯರಿಗೂ ಒಂದು ಸಂಖ್ಯೆ, ಪ್ರತಿ ಪುಸ್ತಕಕ್ಕೂ ಒಂದು ಸಂಖ್ಯೆ. ಒಂದೇ ಕಾದಂಬರಿಯ ಮೂರು ಪ್ರತಿಗಳಿದ್ದರೆ ಮೂರಕ್ಕೂ ಬೇರೆ ಬೇರೆ ಸಂಖ್ಯೆ ಕೊಡಿ. ಕಳೆದುಹೋಗುವುದು ‘ಕಾದಂಬರಿ’ಯಲ್ಲ, ಅದರ ಒಂದು ಪ್ರತಿ. ಗ್ರಂಥಪಾಲಕರು ಅಕ್ಸೆಷನ್ ನಂಬರ್ ಎನ್ನುವುದು ಇದನ್ನೇ. ಒಮ್ಮೆ ಕೊಟ್ಟ ಸಂಖ್ಯೆಯನ್ನು, ಆ ಸದಸ್ಯರು ಊರು ಬಿಟ್ಟುಹೋದರೂ, ಇನ್ನೊಬ್ಬರಿಗೆ ಕೊಡಬಾರದು.

ಸಂಖ್ಯೆ ಬಂದ ಮೇಲೆ ಎರವಲು ಪಟ್ಟಿ ತಾನಾಗಿ ಸಣ್ಣದಾಗುತ್ತದೆ: ಪುಸ್ತಕದ ಸಂಖ್ಯೆ, ಸದಸ್ಯರ ಸಂಖ್ಯೆ, ಕೊಟ್ಟ ದಿನ, ವಾಪಸು ಬಂದ ದಿನ. ಹೆಸರು, ಫೋನು, ವಿಳಾಸ ಯಾವುದೂ ಇಲ್ಲಿ ಬೇಡ. ಅವು ಸದಸ್ಯರ ಪಟ್ಟಿಯಲ್ಲಿವೆ. ಯಾರಾದರೂ ಫೋನ್ ಬದಲಿಸಿದರೆ ಒಂದೇ ಕಡೆ ತಿದ್ದಿದರೆ ಮುಗಿಯಿತು. 1970ರಲ್ಲಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ ಮಾಹಿತಿಯನ್ನು ಹೀಗೆ ಪರಸ್ಪರ ಸಂಬಂಧವುಳ್ಳ ಪಟ್ಟಿಗಳಾಗಿ ಇಡುವ ಸಿದ್ಧಾಂತವನ್ನು ಮಂಡಿಸಿದರು. ಇಂದು ಬ್ಯಾಂಕುಗಳಲ್ಲಿ ಓಡುವ ಡೇಟಾಬೇಸ್ ಸಾಫ್ಟ್‌ವೇರುಗಳಲ್ಲಿ ಬಹುಪಾಲು ಆ ಬೇರಿನಿಂದ ಚಿಗುರಿದವು. ಆದರೆ ಈ ಶಿಸ್ತನ್ನು ಪಾಲಿಸಲು ಅವು ಯಾವುವೂ ಬೇಕಿಲ್ಲ. ಮೇಷ್ಟ್ರು ಇದನ್ನು ಒಂದು ವಾರದಲ್ಲಿ, ನೋಟುಬುಕ್ಕಿನಲ್ಲೇ, ಕೆಂಪು ಶಾಯಿಯಲ್ಲಿ ಮಾಡಿ ಮುಗಿಸಿದರು.

ಈ ಹೆಜ್ಜೆಯನ್ನು ಹಾರಿಸಿ ನೇರವಾಗಿ ಸಾಫ್ಟ್‌ವೇರ್ ಕೊಂಡವರನ್ನು ಸಾಕಷ್ಟು ನೋಡಿದ್ದೇನೆ. ಅವರಿಗೆ ಸಿಗುವುದು ಅದೇ ಗೊಂದಲ, ಇನ್ನಷ್ಟು ವೇಗವಾಗಿ.

ಮೂರನೆಯ ಹೆಜ್ಜೆ: ಸ್ಪ್ರೆಡ್‌ಶೀಟಿಗೆ ಏರಿಸಿ, ಕಣ್ಣಿಟ್ಟುಕೊಂಡು

ಮೂರು ನೋಟುಬುಕ್ಕಿಗೆ ಮೂರು ಹಾಳೆ. ಎಕ್ಸೆಲ್ ಆಗಲಿ, ಉಚಿತವಾದ ಲಿಬ್ರೆಆಫೀಸ್ ಕ್ಯಾಲ್ಕ್ ಆಗಲಿ, ಗೂಗಲ್ ಶೀಟ್ಸ್ ಆಗಲಿ, ವ್ಯತ್ಯಾಸವಿಲ್ಲ. ಮೊದಲ ಸಾಲಿನಲ್ಲಿ ಕಾಲಮುಗಳ ಹೆಸರು ಮಾತ್ರ ಇರಲಿ. ಗ್ರಂಥಾಲಯದ ಹೆಸರು, ಲಾಂಛನ, ‘ಶ್ರೀ’ಕಾರ ಎಲ್ಲ ಮುದ್ರಿಸುವ ದಿನ ಹಾಕಿಕೊಳ್ಳಿ. ಕೋಶಗಳನ್ನು (ಸೆಲ್ಲುಗಳನ್ನು) ಒಂದಕ್ಕೊಂದು ಬೆಸೆಯಬೇಡಿ. ‘ಬಾಕಿ ಇರುವವರಿಗೆ ಹಳದಿ ಬಣ್ಣ’ ಎಂಬ ಪದ್ಧತಿಯೂ ಬೇಡ. ಬಣ್ಣವನ್ನು ಲೆಕ್ಕ ಹಾಕುವುದು ಕಷ್ಟ, ಬಾಕಿ ಎಂದು ಒಂದು ಕಾಲಮಿನಲ್ಲಿ ಬರೆದರೆ ಸುಲಭ. ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, 2025-03-09 ಎಂಬಂತೆ ಬರೆದರೆ ಯಾವ ಕಂಪ್ಯೂಟರಿನಲ್ಲೂ ಮಾರ್ಚಿ ಒಂಬತ್ತು ಸೆಪ್ಟೆಂಬರ್ ಮೂರಾಗುವುದಿಲ್ಲ.

ಈಗ ಸ್ಪ್ರೆಡ್‌ಶೀಟಿನ ಕಳ್ಳಾಟಗಳು. ಪುಸ್ತಕದ ಹಿಂಬದಿಯ ಹದಿಮೂರು ಅಂಕಿಯ ಐಎಸ್‌ಬಿಎನ್ ಸಂಖ್ಯೆಯನ್ನು ಬರೆದು ಎಂಟರ್ ಒತ್ತಿದರೆ ಎಕ್ಸೆಲ್ ಅದನ್ನು 9.78 ಎಂದು ಶುರುವಾಗುವ, ಕೊನೆಗೆ ಪ್ಲಸ್ 12 ಎಂಬ ಬಾಲವಿರುವ ವಿಚಿತ್ರ ರೂಪಕ್ಕೆ ತಿರುಗಿಸಿ ತೋರಿಸುತ್ತದೆ. ಹಾಗೆ ತೋರಿಸುತ್ತಿರುವಾಗ ಅಲ್ಪವಿರಾಮದಿಂದ ಬೇರ್ಪಟ್ಟ ಸರಳ ಪಠ್ಯದ ಫೈಲು, ಅಂದರೆ ಸಿಎಸ್‌ವಿ ಆಗಿ ಉಳಿಸಿದರೆ ಆ ಮೊಟಕು ರೂಪವೇ ಫೈಲಿಗೆ ಹೋಗುತ್ತದೆ, ಮೂಲ ಅಂಕಿಗಳು ಹೋದವೇ. ಹತ್ತು ಅಂಕಿಯ ಹಳೆಯ ಸಂಖ್ಯೆ ಸೊನ್ನೆಯಿಂದ ಆರಂಭವಾಗಿದ್ದರೆ ಆ ಸೊನ್ನೆಯನ್ನು ನುಂಗುತ್ತದೆ. ಹದಿನೈದು ಅಂಕಿಗಿಂತ ಉದ್ದದ ಸಂಖ್ಯೆಯಾದರೆ ಹದಿನಾರನೆಯದರಿಂದಾಚೆ ಸೊನ್ನೆ ತುಂಬುತ್ತದೆ. ಪರಿಹಾರ ಒಂದೇ: ಬರೆಯುವ ಮೊದಲೇ ಆ ಕಾಲಮನ್ನು ‘ಪಠ್ಯ’ ಎಂದು ಘೋಷಿಸಿ. ಫೋನ್ ನಂಬರಿಗೂ ಅಷ್ಟೇ; ಕೂಡಿ ಕಳೆಯದ ಯಾವ ಸಂಖ್ಯೆಯೂ ನಿಜವಾಗಿ ಸಂಖ್ಯೆಯಲ್ಲ.

ಇದು ನಮ್ಮಂಥ ಸಣ್ಣವರ ತಾಪತ್ರಯ ಮಾತ್ರ ಎಂದುಕೊಳ್ಳಬೇಡಿ. ಎಕ್ಸೆಲ್ ತಾರೀಖೆಂದು ತಪ್ಪು ತಿಳಿದು ಕೆಡಿಸುತ್ತದೆ ಎಂಬ ಕಾರಣಕ್ಕೆ ಮಾನವ ಜೀನುಗಳ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಕೆಲವು ಜೀನುಗಳ ಹೆಸರನ್ನೇ ಬದಲಿಸಿತು. ‘ಮಾರ್ಚ್1’ ಎಂಬ ಜೀನು ಈಗ ‘ಮಾರ್ಚ್‌ಎಫ್1’. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಕೆಲವು ದಿನ ಬಿಟ್ಟುಹೋಗಿದ್ದವು. ಹಳೆಯ ಎಕ್ಸೆಲ್ ಮಾದರಿಯ ಒಂದು ಹಾಳೆ 65,536 ಸಾಲುಗಳಿಗೆ ನಿಲ್ಲುತ್ತದೆ. ಅದರಾಚೆ ಬಂದ ಸಾಲುಗಳಿಗೆ ಜಾಗವೇ ಸಿಗಲಿಲ್ಲ, ಯಾರಿಗೂ ತಿಳಿಯಲೂ ಇಲ್ಲ. ಇಂದಿನ ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲುಗಳಿವೆ. ಮೇಷ್ಟ್ರಿಗೆ ಅದು ಏಳು ಜನ್ಮಕ್ಕಾಗುವಷ್ಟು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ, ಅದನ್ನು ಇಂಗ್ಲಿಷಿನ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಪಟ್ಟಿ ನಿಮ್ಮಲ್ಲಿದ್ದರೆ ಅದನ್ನು ಮೊದಲು ಯೂನಿಕೋಡಿಗೆ, ಎಂದರೆ ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತಕ್ರಮಕ್ಕೆ, ಪರಿವರ್ತಿಸಲೇಬೇಕು. ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಿಸಿದ ಮೇಲೂ ಸಂಶಯ ಇಟ್ಟುಕೊಳ್ಳಿ. ಯೂನಿಕೋಡಿನಲ್ಲಿ ‘ದೀಪ’ದ ‘ದೀ’ಯ ಸ್ವರಚಿಹ್ನೆಯನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಗುಡಿಸು ಬೇರೆ ದೀರ್ಘ ಬೇರೆಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹುಡುಕುವಾಗ ಎರಡೂ ಬೇರೆ. ‘ದೀಪಾ’ ಎಂಬ ಸದಸ್ಯೆ ಕಣ್ಣೆದುರೇ ಇದ್ದೂ ‘ಸಿಗಲಿಲ್ಲ’ ಎಂಬ ಉತ್ತರ ಬಂದರೆ ಕಾರಣ ಬಹುಶಃ ಇದೇ. ಹುಡುಕಿ ಬದಲಿಸುವ ಸೌಲಭ್ಯದಿಂದ ಒಡೆದ ರೂಪಗಳನ್ನೆಲ್ಲ ಒಂದೇ ರೂಪಕ್ಕೆ ತನ್ನಿ. ಸಿಎಸ್‌ವಿ ಉಳಿಸುವಾಗ ‘ಯುಟಿಎಫ್-8’ ಎಂಬ ಆಯ್ಕೆಯನ್ನೇ ಒತ್ತಿ. ಇಲ್ಲವಾದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು.

ನಾಲ್ಕನೆಯ ಹೆಜ್ಜೆ: ಪಾರುಪತ್ಯಗಾರನ ಅಗತ್ಯ ಅಳೆಯಿರಿ

ಸ್ಪ್ರೆಡ್‌ಶೀಟಿಗೆ ಏರಿಸಿದ ಎರಡನೆಯ ತಿಂಗಳಲ್ಲಿ ನಾನೇ ಒಂದು ಅವಾಂತರ ಮಾಡಿದೆ. ಸದಸ್ಯರ ಹಾಳೆಯಲ್ಲಿ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸೋಣ ಎಂದು ಹೆಸರಿನ ಕಾಲಮನ್ನಷ್ಟೇ ಆರಿಸಿ ಗುಂಡಿ ಒತ್ತಿದೆ. ಪಕ್ಕದ ಕಾಲಮುಗಳನ್ನೂ ಸೇರಿಸಿಕೊಳ್ಳಬೇಕೇ ಎಂದು ಅದು ಕೇಳಿತ್ತು, ಓದದೆ ಬೇಡವೆಂದೆ. ಹೆಸರುಗಳು ಶಿಸ್ತಾಗಿ ಸಾಲುಗಟ್ಟಿದವು, ಫೋನ್ ನಂಬರುಗಳು ಇದ್ದಲ್ಲೇ ಇದ್ದವು. ಫೈಲನ್ನು ಉಳಿಸಿ ಮನೆಗೆ ಹೋದೆ. ಮರುದಿನ ಮೇಷ್ಟ್ರು ಬಾಕಿ ಪುಸ್ತಕ ಕೇಳಲು ಒಬ್ಬೊಬ್ಬರಿಗೇ ಫೋನ್ ಮಾಡಿದರು. ನಾಲ್ಕನೆಯ ಕರೆಯಲ್ಲಿ, ಗ್ರಂಥಾಲಯಕ್ಕೆ ಅತಿ ಹೆಚ್ಚು ಪುಸ್ತಕ ದಾನ ಕೊಟ್ಟ ಅಜ್ಜಿಯೊಬ್ಬರನ್ನು "ಮೂರು ತಿಂಗಳಾಯಿತು, ವಾಪಸು ಕೊಡಿ" ಎಂದು ಗದರಿದ್ದರು. ನಮ್ಮನ್ನು ಉಳಿಸಿದ್ದು ಕೆಂಪು ಶಾಯಿಯ ಆ ಹಳೆಯ ನೋಟುಬುಕ್ಕು.

ಸ್ಪ್ರೆಡ್‌ಶೀಟಿನ ದೃಷ್ಟಿಯಲ್ಲಿ ಪ್ರತಿ ಕೋಶವೂ ಸ್ವತಂತ್ರ ಸಂಸ್ಥಾನ. ಈ ಹೆಸರು ಈ ಫೋನಿಗೆ ಸೇರಿದ್ದು ಎಂಬ ಸಂಬಂಧ ಇರುವುದು ನಮ್ಮ ತಲೆಯಲ್ಲಿ. ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಇಡೀ ಸಾಲು ಒಂದು ಘಟಕ, ಅದನ್ನು ಸೀಳಲು ಬರುವುದಿಲ್ಲ.

ಹಾಗಾದರೆ ಯಾವಾಗ ಅದು ಬೇಕು? ನಾನು ಮೊದಲು ಕೇಳುವುದು, ಎಷ್ಟು ಜನ ಬರೆಯುತ್ತಾರೆ ಎಂದು. ಒಬ್ಬರೇ ಬರೆಯುವುದಾದರೆ ಸ್ಪ್ರೆಡ್‌ಶೀಟು ಬಹು ದೂರ ಬರುತ್ತದೆ. ಇಬ್ಬರು ಮೂವರಾಗಿ, ಫೈಲು ವಾಟ್ಸ್‌ಆ್ಯಪಿನಲ್ಲಿ ಓಡಾಡತೊಡಗಿ, ‘ಪುಸ್ತಕಪಟ್ಟಿ ಹೊಸದು’, ‘ಪುಸ್ತಕಪಟ್ಟಿ ಹೊಸದು ಕೊನೆಯದು’, ‘ಕೊನೆಯದು 2’ ಎಂಬ ಸಂತಾನ ಹುಟ್ಟಿತೆಂದರೆ ಅದನ್ನು ಬಿಡುವ ಕಾಲ ಬಂದಿದೆ.

ಎರಡನೆಯದು, ಒಟ್ಟಿಗೇ ಆಗಬೇಕಾದ ಕೆಲಸಗಳಿವೆಯೇ ಎಂದು. ಒಬ್ಬರ ಖಾತೆಯಿಂದ ಹಣ ಕಳೆದು ಇನ್ನೊಬ್ಬರಿಗೆ ಕೂಡಿಸುವ ನಡುವೆ ಕರೆಂಟು ಹೋದರೆ? ಆಗುವುದಾದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದು. ಈ ಭರವಸೆಯನ್ನು ಸ್ಪ್ರೆಡ್‌ಶೀಟು ಕೊಡಲಾರದು. ಹಣದ ವ್ಯವಹಾರವಿರುವ ಚೀಟಿ, ಸ್ವಸಹಾಯ ಸಂಘ, ಸಹಕಾರ ಸಂಘಗಳು ಇಲ್ಲಿ ಚೌಕಾಸಿ ಮಾಡಬಾರದು.

ಮೂರನೆಯದು, ಯಾರು ಏನನ್ನು ನೋಡಬಹುದು, ತಿದ್ದಬಹುದು ಎಂಬ ಕಟ್ಟುಪಾಡು. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನು ನೋಡಿ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಅದೂ ಡೇಟಾಬೇಸೇ, ಬಹಳ ಕಾಲ ನಡೆದ ಡೇಟಾಬೇಸ್. ಅದರ ತೊಂದರೆ ಹುಡುಕಾಟದ್ದಷ್ಟೇ ಆಗಿರಲಿಲ್ಲ. ಪುಸ್ತಕ ಯಾರ ಕಂಕುಳಲ್ಲಿತ್ತೋ ಅವರದೇ ಮಾತು ನಡೆಯುತ್ತಿತ್ತು. ಕಂಪ್ಯೂಟರಿಗೆ ಬಂದ ಮೇಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಾಯಿತು, ಮಾಲೀಕರ ಹೆಸರು ಬದಲಿಸುವ ಮ್ಯುಟೇಶನ್ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕಾಯಿತು. ಇಂಥ ಕಡೆ ಪಾರುಪತ್ಯಗಾರನಿಲ್ಲದೆ ಉಗ್ರಾಣವೇ ಇಲ್ಲ.

ಗಾತ್ರವನ್ನು ನಾನು ಕೊನೆಗೆ ಕೇಳುತ್ತೇನೆ. ‘ಮಾಹಿತಿ ಬಹಳ ಇದೆ’ ಎನ್ನುವವರ ಬಹಳ ಸಾಮಾನ್ಯವಾಗಿ ಕೆಲವು ಸಾವಿರ ಸಾಲು.

ಐದನೆಯ ಹೆಜ್ಜೆ: ನಡುವಿನ ದಾರಿ

ಸರ್ವರು, ಪಾಸ್‌ವರ್ಡು, ತಿಂಗಳ ಬಾಡಿಗೆ ಇಲ್ಲದೆ ಡೇಟಾಬೇಸಿನ ಶಿಸ್ತು ಬೇಕೆನ್ನುವವರಿಗೆ ಎಸ್‌ಕ್ಯೂಲೈಟ್ ಇದೆ. ರಿಚರ್ಡ್ ಹಿಪ್ ಎಂಬವರು 2000ದಲ್ಲಿ ಹೊರತಂದ ಇದು ಯಾರ ಸ್ವತ್ತೂ ಅಲ್ಲ. ಹಕ್ಕುಗಳನ್ನು ಬಿಟ್ಟುಕೊಟ್ಟು ಸಾರ್ವಜನಿಕರಿಗೆ ಒಪ್ಪಿಸಿದ್ದಾರೆ. ಇಡೀ ಡೇಟಾಬೇಸ್ ಒಂದೇ ಫೈಲು, ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ಎಂದೂ ಕೇಳಿಲ್ಲ ಎನ್ನುತ್ತೀರೇನೋ, ನಿಮ್ಮ ಜೇಬಿನ ಮೊಬೈಲಿನಲ್ಲಿ ಅದು ಈಗಲೂ ಕೆಲಸ ಮಾಡುತ್ತಿದೆ.

ಮೇಷ್ಟ್ರಿಗೆ ನಾವು ಆರಿಸಿದ್ದು ಇದನ್ನೇ. ‘ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್’ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡರೆ ಪಟ್ಟಿಗಳನ್ನು ಮೌಸಿನಿಂದಲೇ ಮಾಡಬಹುದು. ಹೊಸ ಫೈಲು ತೆರೆದು ಮೂರು ಪಟ್ಟಿಗಳನ್ನು ರಚಿಸಿ. ಪುಸ್ತಕ ಮತ್ತು ಸದಸ್ಯರ ಸಂಖ್ಯೆಯ ಕಾಲಮುಗಳನ್ನು ‘ಪ್ರೈಮರಿ ಕೀ’ ಎಂದು ಗುರುತಿಸಿ, ಒಂದೇ ಸಂಖ್ಯೆ ಎರಡು ಸಲ ಬಂದರೆ ಅದು ತಳ್ಳಿಹಾಕುತ್ತದೆ. ಎರವಲು ಪಟ್ಟಿಯ ಸಂಖ್ಯೆಗಳನ್ನು ‘ಫಾರಿನ್ ಕೀ’ ಮೂಲಕ ಆ ಎರಡು ಪಟ್ಟಿಗಳಿಗೆ ಕಟ್ಟಿ, ಇಲ್ಲದ ಸದಸ್ಯರಿಗೆ ಪುಸ್ತಕ ಕೊಟ್ಟಂತೆ ಬರೆಯಲು ಆಗುವುದಿಲ್ಲ. ಆಮೇಲೆ ಸಿಎಸ್‌ವಿಯನ್ನು ಆಮದು ಮಾಡಿ. ನಮ್ಮದನ್ನು ಆಮದು ಮಾಡಿದಾಗ ಹನ್ನೊಂದು ಸಾಲುಗಳು ತಿರಸ್ಕೃತವಾದವು. ಅವುಗಳಲ್ಲಿ ಎರಡು, ಗ್ರಂಥಾಲಯದಲ್ಲಿ ಇಲ್ಲವೇ ಇಲ್ಲದ ಪುಸ್ತಕವನ್ನು ಯಾರೋ ಒಯ್ದ ಲೆಕ್ಕ.

ಎರಡು ಎಚ್ಚರಿಕೆ. ಎಸ್‌ಕ್ಯೂಲೈಟಿನಲ್ಲಿ ಫಾರಿನ್ ಕೀ ಕಾವಲು ಮೂಲತಃ ನಿದ್ದೆಯಲ್ಲಿರುತ್ತದೆ. ನೀವು ಬಳಸುವ ತಂತ್ರಾಂಶ ಅದನ್ನು ಎಬ್ಬಿಸಿದೆಯೇ ಎಂದು ಒಂದು ಸುಳ್ಳು ಸಾಲು ಬರೆದು ಪರೀಕ್ಷಿಸಿ. ಪುಟಗಳ ಸಂಖ್ಯೆಯ ಕಾಲಮಿನಲ್ಲಿ ‘ಹರಿದಿದೆ’ ಎಂದು ಬರೆದರೂ ಅದು ಸುಮ್ಮನೆ ಒಪ್ಪುತ್ತದೆ. ಬಿಗಿ ಬೇಕೆಂದರೆ 2021ರಿಂದ ಬಂದಿರುವ ‘ಸ್ಟ್ರಿಕ್ಟ್’ ಎಂಬ ಆಯ್ಕೆಯನ್ನು ಪಟ್ಟಿ ರಚಿಸುವಾಗಲೇ ಹಾಕಬೇಕು. ಇನ್ನು ಮಿತಿಯ ಮಾತು: ಓದುವವರು ಎಷ್ಟು ಜನರಾದರೂ ಇರಲಿ, ಒಂದು ಕ್ಷಣಕ್ಕೆ ಬರೆಯುವವರು ಒಬ್ಬರೇ. ನೆಟ್‌ವರ್ಕಿನ ಹಂಚಿಕೆಯ ಫೋಲ್ಡರಿನಲ್ಲಿಟ್ಟು ನಾಲ್ಕು ಕಂಪ್ಯೂಟರಿನಿಂದ ಬರೆಯಲು ಹೊರಟರೆ ಫೈಲು ಕೆಡಬಹುದು.

ಆರನೆಯ ಹೆಜ್ಜೆ: ದೊಡ್ಡದು ಬೇಕಾದರೆ

ಹಲವರು ಹಲವು ಕಡೆಯಿಂದ ಏಕಕಾಲಕ್ಕೆ ಬರೆಯುವಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಎಂಬ, ಸರ್ವರಿನಲ್ಲಿ ಓಡುವ ಡೇಟಾಬೇಸ್ ಸಾಫ್ಟ್‌ವೇರ್ ಬೇಕು. ಎರಡೂ ಉಚಿತ, ಎರಡೂ ಗಟ್ಟಿ. ಆದರೆ ಅವುಗಳ ಮೇಲೆ ನೀವೇ ಕಟ್ಟಡ ಎಬ್ಬಿಸಲು ಹೋಗುವ ಮೊದಲು ನಿಮ್ಮ ಕೆಲಸಕ್ಕೆಂದೇ ಸಿದ್ಧವಾದದ್ದು ಇದೆಯೇ ನೋಡಿ. ಗ್ರಂಥಾಲಯಗಳಿಗೆ ನ್ಯೂಜಿಲೆಂಡಿನಲ್ಲಿ ಹುಟ್ಟಿದ ‘ಕೋಹಾ’ ಇದೆ, ನಮ್ಮ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯ ‘ಇ-ಗ್ರಂಥಾಲಯ’ ಇದೆ. ಕಾಲೇಜು ಗ್ರಂಥಾಲಯವಾಗಿದ್ದರೆ ನಾನು ಎಸ್‌ಕ್ಯೂಲೈಟಿನ ಮಾತೇ ಎತ್ತುತ್ತಿರಲಿಲ್ಲ. ಯಾವುದನ್ನೇ ಕೊಂಡರೂ ಮಾರುವವರಿಗೆ ಒಂದು ಪ್ರಶ್ನೆ ಹಾಕಿ: ನಾಳೆ ನಿಮ್ಮ ಸಹವಾಸ ಬಿಟ್ಟರೆ ನನ್ನ ಮಾಹಿತಿಯನ್ನೆಲ್ಲ ಸಿಎಸ್‌ವಿ ರೂಪದಲ್ಲಿ ವಾಪಸು ಕೊಡುತ್ತೀರಾ? ಉತ್ತರ ತೊದಲಿದರೆ ಕೊಟೇಶನ್ನನ್ನು ಹಿಂದಿರುಗಿಸಿ.

ಏಳನೆಯದು: ನಕಲು

ಯಾವ ದಾರಿ ಹಿಡಿದರೂ ವಾರಕ್ಕೊಮ್ಮೆ ನಕಲು ತೆಗೆದು ಬೇರೆ ಮನೆಯಲ್ಲಿಡಿ. ತಿಂಗಳಿಗೊಮ್ಮೆ ಆ ನಕಲನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದು ನೋಡದ ನಕಲು ಇದ್ದೂ ಇಲ್ಲದಂತೆ.

ಮೇಷ್ಟ್ರ ಗ್ರಂಥಾಲಯದಲ್ಲಿ ಈಗ ಪುಸ್ತಕಗಳೂ ಸದಸ್ಯರೂ ಎಸ್‌ಕ್ಯೂಲೈಟ್ ಫೈಲಿನಲ್ಲಿದ್ದಾರೆ. ಎರವಲು ಮಾತ್ರ ಇಂದಿಗೂ ಮೊದಲು ನೋಟುಬುಕ್ಕಿಗೇ ಬೀಳುತ್ತದೆ, ಏಕೆಂದರೆ ಆರು ಗಂಟೆಗೆ ಕರೆಂಟು ಹೋಗುತ್ತದೆ, ಮಕ್ಕಳು ಬರುವುದೂ ಆರು ಗಂಟೆಗೇ. ಏಳೂವರೆಗೆ ಬಾಗಿಲು ಹಾಕುವ ಮೊದಲು, ಮೇಷ್ಟ್ರಿಲ್ಲದ ದಿನ ಕೂರುವ ಆ ಹುಡುಗ ಅಂದಿನ ಸಾಲುಗಳನ್ನು ಕಂಪ್ಯೂಟರಿಗೆ ಏರಿಸಿ, ಏರಿಸಿದ ಸಾಲಿನ ಪಕ್ಕ ಒಂದು ಗೀಟು ಹಾಕುತ್ತಾನೆ. ಭಾನುವಾರದ ಪೆನ್‌ಡ್ರೈವು ಮೇಷ್ಟ್ರ ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿರುತ್ತದೆ. ಎರಡು ವರ್ಷದಿಂದ ಯಾರೂ ಮುಟ್ಟದ ಪುಸ್ತಕಗಳು 612 ಎಂದು ಗೊತ್ತಾದ ದಿನ ಅವರು ಪಟ್ಟಿಯನ್ನು ಮುದ್ರಿಸಿಕೊಂಡು, ಅದರಲ್ಲಿ ತಾವೇ ಓದದೆ ಬಿಟ್ಟಿದ್ದ ನಾಲ್ಕಕ್ಕೆ ಗುರುತು ಹಾಕಿ, ಮೊದಲನೆಯದನ್ನು ತಮ್ಮ ಸಂಖ್ಯೆಗೆ ಬರೆಸಿಕೊಂಡು ಮನೆಗೆ ಒಯ್ದರು.